ಪದಚರ್ಚೆ: ‘ಸರ್ಫೇಸ್ ಎಕ್ಸ್‌ಪ್ರೆಶನ್’ಗೆ ಏನನ್ನೋಣ? (ತುರ್ತು)

ಅನುವಾದಕಿ:
ಕೋಶದ ಹೊರಮೈಯಲ್ಲಿ ಒಂದು ಪ್ರೋಟೀನ್ ಕಾಣಿಸಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತು ಅದು. ಇಂಟರ್‌ಫೆರಾನ್ (ರೋಗನಿರೋಧಕ ವ್ಯವಸ್ಥೆಯ ಸಂದೇಶ ಪ್ರೋಟೀನ್) ಕುರಿತ ಪೋಸ್ಟರ್ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಚಿತ್ರದಡಿಯ ಸಾಲು: ‘ಇಂಟರ್‌ಫೆರಾನ್‌ಗಳು ಇಲಿಯ ರೋಗನಿರೋಧಕ ಕೋಶಗಳ ಮೇಲ್ಮೈ ಪ್ರೋಟೀನ್‌ಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುತ್ತವೆ.’ ಅಭಿವ್ಯಕ್ತಿ ಅಂದರೆ ಕವಿಗೋಷ್ಠಿ ಇದ್ದಂತಿದೆ ಎಂಬ ಆಕ್ಷೇಪ ಬಂದಿದೆ. ಬದಲಿ ಇದೆಯೇ? ಎರಡು ಸಾಲಿನಷ್ಟೇ ಜಾಗ.

ಮೇಷ್ಟ್ರು:
ಮೊದಲು ‘ನಿಯಂತ್ರಿಸುತ್ತವೆ’ ತೆಗೆಯಿರಿ ಮೇಡಂ. ಸೊಳ್ಳೆ ನಿಯಂತ್ರಣ, ಬೆಲೆ ನಿಯಂತ್ರಣ: ಕನ್ನಡದಲ್ಲಿ ಅದು ತಗ್ಗಿಸುವ ಮಾತು. ಇಲ್ಲಿ ನಡೆಯುವುದು ಉಲ್ಟಾ. ಗಾಮಾ ಇಂಟರ್‌ಫೆರಾನ್ ಕೋಶದ ಗ್ರಾಹಕಕ್ಕೆ (ರಿಸೆಪ್ಟರ್) ಕೂತರೆ ಜ್ಯಾಕ್-1, ಜ್ಯಾಕ್-2 ಎಂಬ ಕಿಣ್ವಗಳು ಚುರುಕಾಗಿ, ಸ್ಟ್ಯಾಟ್-1 ಎಂಬ ಸಂದೇಶವಾಹಕ ಪ್ರೋಟೀನಿಗೆ ಫಾಸ್ಫೇಟ್ ಬೀಳುತ್ತದೆ. ಅದು ಜೋಡಿಯಾಗಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ. ಆಮೇಲೆ ಸಿಐಐಟಿಎ ಎಂಬ ಜೀನ್ ಸ್ವಿಚ್ಚು ಎದ್ದು, ರೋಗಾಣು ನುಂಗುವ ಮ್ಯಾಕ್ರೊಫೇಜ್ ಮೇಲೆ ರೋಗಾಣುವಿನ ತುಣುಕನ್ನು ಎತ್ತಿ ತೋರಿಸುವ ಎಂಎಚ್‌ಸಿ-2 ಹೆಚ್ಚುತ್ತದೆ. ರೋಗನಿರೋಧಕ ಕೋಶಗಳಿಗೆ ಕಡಿವಾಣ ಹಾಕುವ ಪಿಡಿ-ಎಲ್1 ಹೆಚ್ಚುವುದು ಐಆರ್‌ಎಫ್-1 ಎಂಬ ಇನ್ನೊಂದು ಸ್ವಿಚ್ಚಿನ ದಾರಿಯಲ್ಲಿ. ‘ಏರಿಸುತ್ತವೆ’ ಅನ್ನಿ. ‘ಮೇಲ್ನಿಯಂತ್ರಣ’ (ಅಪ್‌ರೆಗ್ಯುಲೇಶನ್) ಅಂತ ಮಾತ್ರ ಯಾರೂ ಶುರುಮಾಡಬೇಡಿ.

ಎಲ್ಲರಕನ್ನಡಿಗ:
‘ಮೂಡು’ ಎಂಬ ಒಳ್ಳೆಯ ಎಸಕಪದ (ಕ್ರಿಯಾಪದ) ಇರುವಾಗ ಸಂಸ್ಕ್ರುತದ ಅಬಿವ್ಯಕ್ತಿ ಏಕೆ? ಮೂಡಿಕೆ ಎನ್ನಿ. ಇಂಟರ್‌ಫೆರಾನ್ ಕೂಡ ಬೇಡ. ಒಂದು ವಯ್ರಸ್ ಇನ್ನೊಂದಕ್ಕೆ ಅಡ್ಡಬರುವುದನ್ನು ಅರಸುತ್ತಿದ್ದ ಅಯ್ಸಾಕ್ಸ್, ಲಿಂಡೆನ್‌ಮನ್ 1957ರಲ್ಲಿ ಇಟ್ಟ ಹೆಸರು. ಅವರ ನುಡಿಯವರಿಗೆ ‘ಇಂಟರ್‌ಫಿಯರ್’ (ಅಡ್ಡಬರು) ಎಂಬ ಬೇರು ಕಾಣುತ್ತದೆ, ನಮಗೆ ಕಾಣದು. ‘ಅಡ್ಡಿಗ’ ಸಾಕು.

ಸೈಟೋಮೀಟರ್:
> ‘ಅಡ್ಡಿಗ’ ಸಾಕು

ಸಾಕೇ ಸಾಕು. ಆಲ್ಫಾ ಅಡ್ಡಿಗ, ಬೀಟಾ ಅಡ್ಡಿಗ, ಗಾಮಾ ಅಡ್ಡಿಗ ಅಂತ ಬರೆದು ಒಮ್ಮೆ ಜೋರಾಗಿ ಓದಿ.

ಮೇಷ್ಟ್ರೇ, ‘ಏರಿಸುತ್ತವೆ’ ಕೂಡ ಪೂರ್ತಿ ಸರಿಯಲ್ಲ. ಆಲ್ಫಾ, ಬೀಟಾ ಇಂಟರ್‌ಫೆರಾನ್ ತಾಗಿದ ಟಿ ಕೋಶದಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಕೆಲವೇ ಗಂಟೆಗಳಲ್ಲಿ ಸಿಡಿ69 ಎಂಬ ಮೇಲ್ಮೈ ಪ್ರೋಟೀನ್ ಏರುತ್ತದೆ. ಅದು ಕೋಶಕ್ಕೆ ಹೊರದಾರಿ ತೋರುವ ಎಸ್1ಪಿ1 ಗ್ರಾಹಕವನ್ನು ಹಿಡಿದು ಒಳಕ್ಕೆಳೆಯುತ್ತದೆ. ಗ್ರಾಹಕ ತಯಾರಾಗಿಯೂ ಮೇಲ್ಮೈಯಲ್ಲಿಲ್ಲ, ಹಾಗಾಗಿ ಕೋಶ ದುಗ್ಧಗ್ರಂಥಿ (ಲಿಂಫ್ ನೋಡ್) ಬಿಟ್ಟು ಹೊರಡುವುದಿಲ್ಲ. ಟಿ ಕೋಶಕ್ಕೆ ರೋಗಾಣುವಿನ ಗುರುತು ತೋರಿಸುವ ಡೆಂಡ್ರಿಟಿಕ್ ಕೋಶ ಬಲಿಯುವ ಮೊದಲು ಅದರಲ್ಲಿ ಎಂಎಚ್‌ಸಿ-2 ಬೇಕಾದಷ್ಟು ಒಳಗೇ ಕೂತಿರುತ್ತದೆ, ಬಲಿತ ಮೇಲೆ ಹೊರಬರುತ್ತದೆ. ಪೊರೆ ತೂತುಮಾಡದೆ ಬಣ್ಣ ಕಟ್ಟಿದರೆ, ಕೋಶಗಳ ಹೊಳಪು ಅಳೆಯುವ ಯಂತ್ರಕ್ಕೆ (ಫ್ಲೋ ಸೈಟೋಮೀಟರ್) ಕಾಣುವುದು ಮೇಲಿರುವುದಷ್ಟೇ. ಜೀನಿನ ಮಟ್ಟಕ್ಕೆ ಅಭಿವ್ಯಕ್ತಿ ಇರಲಿ. ಇಲ್ಲಿ ಬೇಕಾದ್ದು ‘ಮೇಲ್ಮೈ ಪ್ರಮಾಣ’. ಮೂಡಿಕೆಯಲ್ಲೂ ಈ ವ್ಯತ್ಯಾಸ ಉಳಿಯುವುದಿಲ್ಲ.

ಪೋಸ್ಟರಿನಲ್ಲಿ ‘ಶೇಕಡಾ ಇಷ್ಟು ಕೋಶ’ ಅಂತಿದ್ದರೆ ಅದನ್ನೂ ನೋಡಿ. ಎಂಎಚ್‌ಸಿ-1 ಹೆಚ್ಚುಕಮ್ಮಿ ಎಲ್ಲ ಕೋಶಗಳ ಮೇಲೂ ಮೊದಲೇ ಇರುವುದರಿಂದ ಶೇಕಡಾವಾರು ಕದಲುವುದಿಲ್ಲ, ಏರುವುದು ಹೊಳಪಿನ ಮಧ್ಯಾಂಕ. ಆ ಏರಿಕೆಯೂ ಸುಳ್ಳಿರಬಹುದು: ಗಾಮಾ ಸಿಡಿ64 ಎಂಬ ಗ್ರಾಹಕವನ್ನೂ ಹೆಚ್ಚಿಸುತ್ತದೆ, ಅದು ಬಣ್ಣ ಕಟ್ಟಲು ಬಳಸುವ ಐಜಿಜಿ-2ಎ ಜಾತಿಯ ಪ್ರತಿಕಾಯದ (ಆಂಟಿಬಾಡಿ) ಬಾಲವನ್ನೇ ಹಿಡಿಯುತ್ತದೆ. ಎಚ್-2ಕೆಬಿಗೆ (ಇಲಿಯ ಒಂದು ಎಂಎಚ್‌ಸಿ-1) ಬಳಸುವ ಎಎಫ್6-88.5 ಪ್ರತಿಕಾಯ ಅದೇ ಜಾತಿ. ಇಂಥ ಗ್ರಾಹಕಗಳನ್ನು ಮುಚ್ಚುವ 2.4ಜಿ2 ಎಂಬ ಪ್ರತಿಕಾಯ ಹಾಕಿ 10 ನಿಮಿಷ ಐಸ್ ಮೇಲಿಟ್ಟರೆ ಅದೇ ಬಗೆಯ ಸಿಡಿ16, ಸಿಡಿ32 ಮುಚ್ಚುತ್ತವೆ, ಸಿಡಿ64 ಮುಚ್ಚೀತೆಂದು ನೆಚ್ಚುವಂತಿಲ್ಲ. ಐಸೊಟೈಪ್ ಹೋಲಿಕೆಯನ್ನು (ಅದೇ ಜಾತಿಯ, ಗುರಿಯಿಲ್ಲದ ಪ್ರತಿಕಾಯದೊಂದಿಗೆ) ಇಂಟರ್‌ಫೆರಾನ್ ಕೊಟ್ಟ ಕೋಶಗಳಲ್ಲೇ ಮಾಡಬೇಕು, ಕೊಡದವುಗಳಲ್ಲಲ್ಲ.

‘ಗುರುತು ಪ್ರೋಟೀನ್’ ಎಂಬ ಮಾತೂ ಜೋಪಾನ. ಸ್ಕಾ-1 ಎಂಬ ಮೇಲ್ಮೈ ಪ್ರೋಟೀನ್ ರಕ್ತದ ಮೂಲಕೋಶದ ಗುರುತು, ಸರಿ. ಇಂಟರ್‌ಫೆರಾನ್ ಬಿದ್ದರೆ ಅದಿಲ್ಲದ ಮುಂದಿನ ಹಂತದ ಕೋಶಗಳೂ ಅದನ್ನು ಹೊತ್ತು ಅದೇ ಗೇಟಿನೊಳಗೆ (ಎಣಿಕೆಗೆ ಆರಿಸಿದ ಗುಂಪಿನೊಳಗೆ) ಬರುತ್ತವೆ. ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶದ ಗುರುತಾದ ಪಿಡಿಸಿಎ-1 ಕಥೆಯೂ ಅಷ್ಟೇ. ಜೊತೆಗೆ ಅದರ ಇನ್ನೊಂದು ಗುರುತು ಸಿಗ್ಲೆಕ್-ಎಚ್ ನೋಡದಿದ್ದರೆ ಪ್ಲಾಸ್ಮಸೈಟಾಯ್ಡ್ ಎಂದು ಬೇರೇನನ್ನೋ ಎಣಿಸುತ್ತೀರಿ.

ಎಲ್ಲರಕನ್ನಡಿಗ:
ಪ್ರಮಾಣ, ಮದ್ಯಾಂಕ, ಪ್ರತಿಕಾಯ. ಇವು ಯಾರ ಮನೆಯಲ್ಲಿ ಆಡುವ ಕನ್ನಡ?

ಮೇಷ್ಟ್ರು:
ಎಸಕಪದ ಯಾರ ಮನೆಯಲ್ಲಿ ಆಡುತ್ತಾರೋ ಅವರ ಪಕ್ಕದ ಮನೆಯಲ್ಲಿ. ಸಂಸ್ಕೃತದ್ದಾಗಲಿ ಇಂಗ್ಲಿಷಿನದ್ದಾಗಲಿ, ನಾಲಿಗೆಗೆ ಹತ್ತಿದ್ದು ನಮ್ಮದು. ಕಾಗದ, ಮೇಜು, ಚಾವಿ ವಾಪಸ್ ಕಳಿಸಿದ್ದೀರೇನು?

ಅನುವಾದಕಿ:
ಜಗಳ ಮುಂದುವರಿಯಲಿ, ನಾನು ಇದನ್ನು ಕಳಿಸುತ್ತಿದ್ದೇನೆ: ‘ಇಂಟರ್‌ಫೆರಾನ್ ತಾಗಿದಾಗ ಇಲಿಯ ರೋಗನಿರೋಧಕ ಕೋಶಗಳ ಮೇಲ್ಮೈಯಲ್ಲಿ ಕೆಲವು ಪ್ರೋಟೀನ್‌ಗಳ ಪ್ರಮಾಣ ಏರುತ್ತದೆ, ಕೆಲವುಗಳದು ಇಳಿಯುತ್ತದೆ.’

ಸೈಟೋಮೀಟರ್:
ಸಾಲು ಸರಿ. ‘ಇಲಿ’ ಯಾವುದು? 2.4ಜಿ2 ದೊಡ್ಡಿಲಿಯ (ರ್ಯಾಟ್) ಪ್ರತಿಕಾಯ, ಹಿಡಿಯುವುದು ಚಿಟ್ಟಿಲಿಯ (ಮೌಸ್) ಗ್ರಾಹಕವನ್ನು. ಎರಡಕ್ಕೂ ಇಲಿ ಅಂದರೆ ಪೋಸ್ಟರಿನ ಕೆಳಗಿನ ಪ್ರತಿಕಾಯಗಳ ಪಟ್ಟಿ ಅರ್ಥವಾಗದು.

ಎಲ್ಲರಕನ್ನಡಿಗ:
ಸುಂಡಿಲಿ.

ಮೇಷ್ಟ್ರು:
ನಮ್ಮ ಕಡೆ ಸುಂಡಿಲಿ ಅಂದರೆ ಮೂಗಿಲಿ. ಚಿಟ್ಟಿಲಿ ಹಾಕಿ.