ಕಂಪ್ಯೂಟರ್ ಶುರುವಾದೊಡನೆ ತಾವಾಗಿಯೇ ತೆರೆದುಕೊಳ್ಳುವ ಈ ಪ್ರೋಗ್ರಾಮ್‌ಗಳಲ್ಲಿ ಯಾವುದನ್ನು ನಿಲ್ಲಿಸಲಿ?

ಪ್ರಶ್ನೆ (ನವನಗರ, ಬಾಗಲಕೋಟೆ): ಸರ್, ನಮ್ಮದು ವಿಂಡೋಸ್ 10 ಇರುವ ಹಳೆಯ ಕಂಪ್ಯೂಟರ್, 4 ಜಿಬಿ ರ‍್ಯಾಮ್. ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ತಿರುಗುತ್ತಲೇ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಗುರುತಿಲ್ಲದ ನಾಲ್ಕು ಸಾಲುಗಳಿವೆ: ರಿಯಲ್‌ಟೆಕ್ ಎಂಬುದೊಂದು, ವಿಂಡೋಸ್ ಸೆಕ್ಯುರಿಟಿಯದೊಂದು, ಬರೀ ‘ಪ್ರೋಗ್ರಾಮ್’ ಎಂದಿರುವ, ಚಿತ್ರವೂ ಇಲ್ಲದ ಒಂದು, ಜೊತೆಗೆ ‘ಮೈಕ್ರೋಸಾಫ್ಟ್ ವಿಂಡೋಸ್ ಬೇಸ್ಡ್ ಸ್ಕ್ರಿಪ್ಟ್ ಹೋಸ್ಟ್’. ಆ ‘ಪ್ರೋಗ್ರಾಮ್’ ವೈರಸ್ಸೇ ಇರಬೇಕು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಅಳಿಸಿಬಿಡಲೇ?

ಉತ್ತರ (ಕಂಪ್ಯೂಟರ್ ದುರಸ್ತಿಗಾರ, ಬೆಳಗಾವಿ): ಅಕ್ಕನವರೇ, ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಡಿಸೇಬಲ್ ಮಾಡಿದ್ದನ್ನು ನಾಳೆ ಮತ್ತೆ ಎನೇಬಲ್ ಮಾಡಬಹುದು, ಅಳಿಸಿದ್ದಕ್ಕೆ ಆ ಸೌಕರ್ಯವಿಲ್ಲ.

ರಿಯಲ್‌ಟೆಕ್ ಧ್ವನಿಗೆ ಸಂಬಂಧಿಸಿದ್ದು, ಸೆಕ್ಯುರಿಟಿ ವಿಂಡೋಸ್‌ನದ್ದೇ. ಎರಡೂ ಇರಲಿ. ‘ಪ್ರೋಗ್ರಾಮ್’ ಹೆಚ್ಚಾಗಿ ನೀವು ಹಿಂದೆಯೇ ತೆಗೆದುಹಾಕಿದ ತಂತ್ರಾಂಶದ ಉಳಿಕೆ. ಅದರ ಫೈಲ್ ಇರುವ ಜಾಗದ ವಿಳಾಸವನ್ನು ಉದ್ಧರಣ ಚಿಹ್ನೆಯಿಲ್ಲದೆ ಬರೆದಿದ್ದರೆ, ‘ಪ್ರೋಗ್ರಾಮ್ ಫೈಲ್ಸ್’ ಎಂಬಲ್ಲಿ ನಡುವಿನ ಖಾಲಿ ಜಾಗಕ್ಕೇ ಹೆಸರು ತುಂಡಾಗಿ ‘ಪ್ರೋಗ್ರಾಮ್’ ಎಂದಷ್ಟೇ ಕಾಣುತ್ತದೆ. ಡಿಸೇಬಲ್ ಮಾಡಿ, ಮರೆತುಬಿಡಿ.

ನನಗೆ ಅನುಮಾನ ಇರುವುದು ನೀವು ಕೊನೆಯಲ್ಲಿ ಬರೆದದ್ದರ ಮೇಲೆ. ಸ್ಕ್ರಿಪ್ಟ್ ಹೋಸ್ಟ್ ನಿಜಕ್ಕೂ ಮೈಕ್ರೋಸಾಫ್ಟ್‌ನದ್ದೇ, ಪಬ್ಲಿಷರ್ ಕಾಲಮಿನಲ್ಲೂ ಅದೇ ಹೆಸರು ಬರುತ್ತದೆ. ಆದರೆ ಅದು ಬೇರೆ ಯಾರೋ ಬರೆದ ಸ್ಕ್ರಿಪ್ಟನ್ನು, ಅಂದರೆ ಆದೇಶಗಳ ಪಟ್ಟಿಯಿರುವ ಸಣ್ಣ ಫೈಲನ್ನು, ಓಡಿಸುವ ಆಳು ಮಾತ್ರ. ಅದರ ಒಡೆಯ ಯಾರೆಂದು ಹೀಗೆ ನೋಡಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಸ್ಟಾರ್ಟ್‌ಅಪ್‌ಗೆ ಹೋಗಿ, ಕಾಲಮ್‌ಗಳ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ ‘ಕಮಾಂಡ್ ಲೈನ್’ ಆರಿಸಿಕೊಳ್ಳಿ. ಆ ಸಾಲಿನ ಮುಂದೆ ಪೂರ್ತಿ ವಿಳಾಸ ಕಾಣುತ್ತದೆ. ಅಲ್ಲಿ ‘ಆ್ಯಪ್‌ಡೇಟಾ’ ಅಥವಾ ‘ಟೆಂಪ್’ ಫೋಲ್ಡರ್, ಕೊನೆಯಲ್ಲಿ ‘ಡಾಟ್ ವಿಬಿಎಸ್’ (ಸ್ಕ್ರಿಪ್ಟ್ ಫೈಲಿನ ಗುರುತು) ಇದೆಯೇ? ಮನೆಯಲ್ಲಿ ಯಾರದಾದರೂ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳು ಶಾರ್ಟ್‌ಕಟ್‌ಗಳಾಗಿವೆಯೇ?

ಪ್ರಶ್ನೆ ಕೇಳಿದವರು: ಎರಡೂ ಹೌದು ಸರ್. ಮಗಳು ಪ್ರಾಜೆಕ್ಟ್ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಒಯ್ದ ಪೆನ್‌ಡ್ರೈವ್. ಫೈಲ್‌ಗಳೆಲ್ಲ ಹಾಳಾದವು ಎಂದು ಅಳುತ್ತಿದ್ದಾಳೆ.

ಉತ್ತರ: ಅಳುವುದು ಬೇಡವೆಂದು ಹೇಳಿ. ಎರಡೂ ಇವೆಯೆಂದರೆ ಇದು ಪೆನ್‌ಡ್ರೈವ್‌ನಿಂದ ಬಂದ ವೈರಸ್ಸೇ ಇರಬೇಕು. ಈ ಬಗೆಯದು ಸಾಮಾನ್ಯವಾಗಿ ಫೈಲ್‌ಗಳನ್ನು ಅಡಗಿಸುತ್ತದೆ, ಅಳಿಸುವುದಿಲ್ಲ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಲು ಯಾರು ಹೇಳಿದರೂ ಕೇಳಬೇಡಿ, ಆ ಶಾರ್ಟ್‌ಕಟ್‌ಗಳ ಮೇಲೆ ಕ್ಲಿಕ್ ಮಾಡಲೂಬೇಡಿ.

ಮೊದಲು ಆ ಸ್ಕ್ರಿಪ್ಟ್ ಹೋಸ್ಟ್ ಸಾಲನ್ನು ಡಿಸೇಬಲ್ ಮಾಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ‘ಆಫ್‌ಲೈನ್ ಸ್ಕ್ಯಾನ್’ ನಡೆಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗದ ಹೊತ್ತು ನೋಡಿ ಶುರುಮಾಡಿ. ಪೆನ್‌ಡ್ರೈವ್ ಸ್ಕ್ಯಾನ್ ಆದ ಮೇಲೆ ಅಡಗಿದ ಫೈಲ್‌ಗಳನ್ನು ಹೊರತರುವ ಕಮಾಂಡ್ ಬರೆದು ಕಳಿಸುತ್ತೇನೆ. ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಿದ್ದರೆ ಪಾಸ್‌ವರ್ಡ್ ಈಗಲೇ ಬದಲಿಸಿ, ಮೊಬೈಲ್‌ನಿಂದ.

ಇನ್ನೊಬ್ಬರು (ವಿಜಯಪುರ): ಸರ್, ನನ್ನದೂ ನಿಧಾನವೆಂದು ತಮ್ಮನು ಪಟ್ಟಿಯಲ್ಲಿದ್ದ ಎಲ್ಲವನ್ನೂ ಡಿಸೇಬಲ್ ಮಾಡಿದ. ವೇಗವೇನೋ ಬಂತು, ಆದರೆ ಕನ್ನಡ ಟೈಪಿಂಗ್ ತಂತ್ರಾಂಶವೂ ಟೆಂಡರ್‌ಗೆ ಡಿಜಿಟಲ್ ಸಹಿ ಹಾಕುವ ಯುಎಸ್‌ಬಿ ಟೋಕನ್ನೂ ಕೆಲಸ ಮಾಡುತ್ತಿಲ್ಲ.

ಉತ್ತರ: ಬೇಕಾದವೆರಡನ್ನೂ ಅದೇ ಪಟ್ಟಿಯಲ್ಲಿ ಎನೇಬಲ್ ಮಾಡಿ, ರೀಸ್ಟಾರ್ಟ್ ಮಾಡಿ. ಉಳಿದವನ್ನು ಒಂದೊಂದಾಗಿ ಪರೀಕ್ಷಿಸಲು ತಮ್ಮನಿಗೆ ಹೇಳಿ. ಹತ್ತನ್ನು ಒಟ್ಟಿಗೆ ನಿಲ್ಲಿಸಿದರೆ ಎಡವಟ್ಟು ಯಾವುದರಿಂದ ಆಯಿತೆಂದು ತಿಳಿಯುವುದಿಲ್ಲ. ವಿಂಡೋಸ್‌ನ ಹಿನ್ನೆಲೆ ಕೆಲಸಗಳಿರುವ ಸರ್ವಿಸಸ್ ಪಟ್ಟಿಗೆ ಮಾತ್ರ ಅವನು ಕೈಹಾಕದಿರಲಿ. ಅಲ್ಲಿ ಮೈಕ್ರೋಸಾಫ್ಟ್ ಸೇವೆಗಳನ್ನು ನಿಲ್ಲಿಸಿ, ಇಂಟರ್ನೆಟ್ ಇಲ್ಲ, ಪ್ರಿಂಟರ್ ಇಲ್ಲ ಎಂದು ಕಂಪ್ಯೂಟರ್ ಹೊತ್ತುಕೊಂಡು ಅಂಗಡಿಗೆ ಬರುವವರು ಕಡಿಮೆಯಿಲ್ಲ.

ಬಾಗಲಕೋಟೆಯ ಅಕ್ಕನವರಿಗೆ ಇನ್ನೊಂದು ಮಾತು. ಡಿಸೇಬಲ್ ಮಾಡಿದ ಸಾಲು ರೀಸ್ಟಾರ್ಟ್ ಆದ ಮೇಲೆ ಮತ್ತೆ ಎದ್ದು ಕುಳಿತರೆ, ಅದನ್ನು ಎಬ್ಬಿಸುವುದು ಬೇರೆಲ್ಲೋ ಇದೆ, ಹಲವು ಸಲ ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ. ಆಗ ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡಿ ತೋರಿಸುವ, ಮೈಕ್ರೋಸಾಫ್ಟ್‌ನದೇ ಉಚಿತ ತಂತ್ರಾಂಶ ‘ಆಟೋರನ್ಸ್’ ಅನ್ನು ಅವರ ಜಾಲತಾಣದಿಂದಲೇ ಇಳಿಸಿಕೊಂಡು ತೆರೆಯಿರಿ, ಮೈಕ್ರೋಸಾಫ್ಟ್ ಸಾಲುಗಳನ್ನು ಮರೆಮಾಡಿ. ಹಳದಿ ಬಣ್ಣದ ಸಾಲು ಎಂದರೆ ಫೈಲೇ ಇಲ್ಲ. ನಸುಗೆಂಪು ಎಂದರೆ ತಯಾರಕರ ಸಹಿ ಖಚಿತವಾಗಿಲ್ಲ. ನಸುಗೆಂಪೆಲ್ಲ ಕೆಟ್ಟದ್ದಲ್ಲ, ಸಣ್ಣ ಲೆಕ್ಕಪತ್ರ ತಂತ್ರಾಂಶಗಳೂ ಹಾಗೆಯೇ ಕಾಣುತ್ತವೆ. ಏನನ್ನೂ ಮುಟ್ಟದೆ ಪಟ್ಟಿಯ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.