ನಿಯಂತ್ರಣ, ರಚನೆ, ತಡೆ: ಕೋಶದೊಳಗಿನ ಸಾಗಣೆಗೆ ಯಾವ ಪದ ಒಪ್ಪುತ್ತದೆ?

ಎಲ್ಲರಿಗೂ ನಮಸ್ಕಾರ.

ಜೀವಕೋಶದೊಳಗೆ ಸರಕು ಹೊತ್ತು ನಡೆಯುವ ಪ್ರೋಟೀನ್‌ಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಜ್ಞಾನ ಓದದವರಿಗೂ ಅರ್ಥವಾಗಬೇಕು ಅನ್ನುವುದು ಆಸೆ. ಲೇಖನದ ಮುಖ್ಯ ವಾಕ್ಯ ಇದು: "ಪ್ರೋಟೀನಿನ ರಚನೆಯೇ ಈ ಸಾಗಣೆಯನ್ನು ನಿಯಂತ್ರಿಸುತ್ತದೆ." ವ್ಯಾಕರಣ ಸರಿಯಾಗಿಯೇ ಇದೆ. ಆದರೆ 'ರಚನೆ', 'ನಿಯಂತ್ರಣ' ಎರಡೂ ಓದುಗರನ್ನು ಬೇರೆ ಕಡೆಗೆ ಕರೆದೊಯ್ಯುತ್ತವೆ ಅಂತ ನನ್ನ ಅನುಮಾನ.

ಮೊದಲು ವಿಷಯ ಹೇಳಿಬಿಡುತ್ತೇನೆ. ಅದಿಲ್ಲದೆ ಪದ ಹುಡುಕಿ ಪ್ರಯೋಜನವಿಲ್ಲ.

ಕೈನೆಸಿನ್ ಅನ್ನುವ ಪ್ರೋಟೀನ್ ಪತ್ತೆಯಾಗಿದ್ದು 1985ರಲ್ಲಿ, ಸ್ಕ್ವಿಡ್ ಅನ್ನುವ ಕಡಲಜೀವಿಯ ದಪ್ಪ ನರತಂತುವಿನ ಮೇಲೆ ನಡೆದ ಕೆಲಸದಿಂದ. ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಸ್ ಅದರ ಹಿಂದೆ ಇದ್ದವರು. ಇದಕ್ಕೆ ಎರಡು ತಲೆ, ಒಂದು ಉದ್ದನೆಯ ಕಾಂಡ, ಕೊನೆಯಲ್ಲಿ ಬಾಲ. ತಲೆ ಅಂತ ಹೆಸರಿಟ್ಟಿದ್ದರೂ ಮಾಡುವುದು ಕಾಲಿನ ಕೆಲಸ! ಕೋಶದೊಳಗೆ ಹಳಿಯ ಹಾಗಿರುವ ಮೈಕ್ರೋಟ್ಯೂಬ್ಯೂಲ್ ಅನ್ನುವ ಎಳೆಯ ಮೇಲೆ ಒಂದು ತಲೆ ಊರಿ, ಇನ್ನೊಂದನ್ನು ಮುಂದಿಟ್ಟು ನಡೆಯುತ್ತದೆ. ಒಂದು ಹೆಜ್ಜೆ 8 ನ್ಯಾನೋಮೀಟರ್. ಹೆಜ್ಜೆಗೊಂದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಖರ್ಚು.

ಹೊರಲು ಸರಕೇ ಇಲ್ಲದಿದ್ದರೆ? ಸುಮ್ನೆ ಓಡಾಡಿದರೆ ಎಟಿಪಿ ದಂಡ. ಹಾಗಾಗಿ ಕಾಂಡ ನಡುವೆ ಮಡಚಿಕೊಳ್ಳುತ್ತದೆ. ಬಾಲ ಬಂದು ಎರಡೂ ತಲೆಗಳನ್ನು ಸೇರಿಸಿ ಹಿಡಿಯುತ್ತದೆ. ಹಿಡಿತಕ್ಕೆ ಸಿಕ್ಕ ತಲೆಗಳು ತಮ್ಮಲ್ಲಿರುವ ಎಡಿಪಿಯನ್ನು (ಎಟಿಪಿ ಖರ್ಚಾದ ಮೇಲೆ ಉಳಿಯುವ ಅಣು) ಬಿಡಲಾಗದೆ ನಿಂತುಬಿಡುತ್ತವೆ. 2011ರಲ್ಲಿ ಈ ಹಿಡಿತದ ವಿವರವಾದ ಚಿತ್ರ ಪ್ರಕಟವಾಯಿತು. ಒಂದೇ ಬಾಲ ಎರಡು ತಲೆಗಳನ್ನು ಬೆಸೆದಿರುವುದು ಅದರಲ್ಲಿ ಕಾಣುತ್ತದೆ. ಸರಕಿನ ಕಡೆಯ ಪ್ರೋಟೀನ್‌ಗಳು ಬಂದು ಅಂಟಿಕೊಂಡಾಗ ಮಡಿಕೆ ಬಿಚ್ಚುತ್ತದೆ, ನಡಿಗೆ ಶುರುವಾಗುತ್ತದೆ.

ಈಗ 'ನಿಯಂತ್ರಣ'ಕ್ಕೆ ಬರೋಣ. ಮಾಲಿನ್ಯ ನಿಯಂತ್ರಣ, ರೋಗ ನಿಯಂತ್ರಣ, ಬೆಲೆ ನಿಯಂತ್ರಣ. ನಾವು ಓದುವ ಕಡೆಯೆಲ್ಲ ಇದರ ಅರ್ಥ 'ಜಾಸ್ತಿ ಆಗದ ಹಾಗೆ ತಡೆಯುವುದು', ಅಲ್ವಾ? ಇಲ್ಲಿ ನಡೆಯುವುದು ಅಷ್ಟೇ ಅಲ್ಲ. ಬೇಕಾದಾಗ ಹೊರಡಿಸುವುದೂ ಇದೆ, ಬೇಡವಾದಾಗ ನಿಲ್ಲಿಸುವುದೂ ಇದೆ. 'ಹತೋಟಿ' ಅಂದರೆ ಹತೋಟಿಯಲ್ಲಿ ಇಡುವವರು ಬೇರೆ ಯಾರೋ ಇದ್ದಾರೆ ಅನ್ನಿಸುತ್ತದೆ. 'ಕಡಿವಾಣ' ನಿಲ್ಲಿಸುವುದನ್ನು ಮಾತ್ರ ಹೇಳುತ್ತದೆ. 'ಕ್ರಮಗೊಳಿಸುವಿಕೆ' ಸುತ್ತೋಲೆಯಿಂದ ಎದ್ದು ಬಂದ ಹಾಗಿದೆ. ನಾಮಪದ ಬಿಟ್ಟು "ಮಡಚಿಕೊಂಡಾಗ ಸಾಗಣೆ ನಿಲ್ಲುತ್ತದೆ, ಬಿಚ್ಚಿಕೊಂಡಾಗ ನಡೆಯುತ್ತದೆ" ಅಂತ ಬರೆದರೆ ಸಲೀಸು. ಆದರೆ ತಲೆಬರಹಕ್ಕೆ, ಉಪಶೀರ್ಷಿಕೆಗೆ ಒಂದು ನಾಮಪದ ಬೇಕೇ ಬೇಕು.

'ರಚನೆ'ಯ ತೊಂದರೆ ಇನ್ನೂ ದೊಡ್ಡದು. ರಚನೆ ಅಂದಾಗ ಕಟ್ಟಿ ಮುಗಿಸಿದ, ಅಲ್ಲಾಡದ ವಸ್ತು ಕಣ್ಣಿಗೆ ಬರುತ್ತದೆ. ಕೈನೆಸಿನ್ ಮಡಚಿದಾಗಲೂ ಬಿಚ್ಚಿದಾಗಲೂ ಅದೇ ಅಮೈನೋ ಆಮ್ಲಗಳ ಸರಪಳಿ, ಅವೇ ತಲೆ-ಬಾಲ. ಬದಲಾದದ್ದು ಅದು ಇರುವ ರೀತಿ ಮಾತ್ರ. ಇದಕ್ಕೆ ನಾನು 'ಭಂಗಿ' ಅಂತ ಬಳಸಿ ನೋಡಿದೆ. ಯೋಗ ಮಾಡುವವರು ಎಷ್ಟು ಆಸನ ಹಾಕಿದರೂ ಮೈ ಅದೇ, ಭಂಗಿ ಬೇರೆ. ಸರಕು ಹೊರುವ ಇನ್ನೊಂದು ಪ್ರೋಟೀನ್ ಡೈನೀನ್‌ಗೂ ಈ ಪದ ಚೆನ್ನಾಗಿ ಕೂರುತ್ತದೆ. ಕೈನೆಸಿನ್‌ಗಳು ಹೆಚ್ಚಾಗಿ ಸರಕನ್ನು ಕೋಶದ ಅಂಚಿನ ಕಡೆಗೆ ಒಯ್ದರೆ, ಡೈನೀನ್ ನಡುವಿನ ಕಡೆಗೆ ತರುತ್ತದೆ. ಕೆಲಸವಿಲ್ಲದಾಗ ಅದರ ಎರಡು ತಲೆಗಳು ಒಂದಕ್ಕೊಂದು ಅಂಟಿ, ನೋಡಲು ಗ್ರೀಕ್ ಅಕ್ಷರ ಫೈ (φ) ಥರ ಆಗುತ್ತದೆ. ಡೈನಾಕ್ಟಿನ್ ಅನ್ನುವ ಸಹಾಯಕ ಪ್ರೋಟೀನ್ ಗುಂಪಿನ ಜೊತೆಗೆ ಸರಕಿಗೆ ಕೊಂಡಿಯಾಗುವ ಇನ್ನೊಂದು ಪ್ರೋಟೀನ್ ಬಂದು ಸೇರಿದಾಗ ದೂರದ ನಡಿಗೆಗೆ ತಯಾರಾಗುತ್ತದೆ. 'ಫೈ ಭಂಗಿ' ಅಂದರೆ ಕೇಳಲೂ ಹಿತ. ಗೆಳೆಯರೊಬ್ಬರು ಮಾತ್ರ "ಭಂಗಿ ಸೊಪ್ಪು ನೆನಪಾಗುತ್ತೆ ಮಾರಾಯರೇ" ಅಂತ ನಕ್ಕರು. ಆ ಅರ್ಥವೂ ನಮ್ಮ ಭಾಷೆಯಲ್ಲಿ ಇದೆಯಲ್ಲ! ನನಗಂತೂ ಅದು ಅಡ್ಡಿ ಅನ್ನಿಸಲಿಲ್ಲ. 'ರೂಪ', 'ಆಕಾರ' ಇಲ್ಲಿಗೆ ತೀರಾ ಸಡಿಲ.

ಮೂರನೆಯದು, ಈ ಮಡಚಿಕೊಂಡು ನಿಲ್ಲುವುದಕ್ಕೆ ಹೆಸರು. ಆಟೋಇನ್ಹಿಬಿಷನ್ ಅಂತಾರೆ. 'ಸ್ವಯಂ ಪ್ರತಿಬಂಧ' ಬಾಯಿಗೆ ಭಾರ. 'ಸ್ವನಿರೋಧ' ಅಂದರೆ ರೋಗನಿರೋಧಕ ಶಕ್ತಿಯ ಕಡೆಗೆ ಮನಸ್ಸು ಹೋಗುತ್ತದೆ. 'ಸ್ವತಡೆ' ಚಿಕ್ಕದು, ಆದರೆ ಅರಿಸಮಾಸ ಅಂತ ಇಲ್ಲಿ ಕೆಲವರಾದರೂ ಹುಬ್ಬೇರಿಸುತ್ತೀರಿ. 'ತನ್ನ ತಡೆ' ಅಂದರೆ ಯಾರ ತಡೆ, ಯಾರಿಗೆ ತಡೆ ಗೊತ್ತಾಗುವುದಿಲ್ಲ. 'ತಡೆ' ಪದವೇ ಕೆಟ್ಟದ್ದರ ಸೂಚನೆ ಕೊಡುತ್ತದೆ ಅನ್ನುವುದು ಇನ್ನೊಂದು ತೊಡಕು. ಇಲ್ಲಿ ತಡೆ ಇರುವುದೇ ಆರೋಗ್ಯ. ಎಎಲ್‌ಎಸ್ ಅನ್ನುವ ನರರೋಗಕ್ಕೆ ನಂಟಿರುವ ಕೆಲವು ಬದಲಾವಣೆಗಳಲ್ಲಿ ಕೆಐಎಫ್5ಎ ಎಂಬ ಕೈನೆಸಿನ್‌ನ ಬಾಲದ ತುದಿಯೇ ಬೇರೆಯಾಗಿಬಿಡುತ್ತದೆ. ಆಗ ಈ ಹಿಡಿತ ಸಡಿಲವಾಗಿ, ನಿಲ್ಲಬೇಕಾದಾಗಲೂ ಅದು ಓಡುತ್ತದೆ. ಈ ಕಾರಣಕ್ಕೆ ನನ್ನ ಒಲವು 'ಸ್ವಹಿಡಿತ'ದ ಕಡೆಗಿದೆ, ಅದೂ ಅರಿಸಮಾಸವೇ ಆದರೂ.

ಇನ್ನು ಮೈಕ್ರೋಟ್ಯೂಬ್ಯೂಲ್. 'ಸೂಕ್ಷ್ಮನಾಳ' ಬಳಸಿ ಅಂತ ಸಲಹೆ ಬಂದಿದೆ. ನಾನು ಒಪ್ಪಿಲ್ಲ. ಸುಮಾರು 25 ನ್ಯಾನೋಮೀಟರ್ ಅಗಲದ ಅದರ ನಡುವೆ ಟೊಳ್ಳಿರುವುದು ನಿಜ. ಆದರೆ ನಾಳ ಅಂದ ತಕ್ಷಣ ರಕ್ತನಾಳದ ಹಾಗೆ ಸರಕು ಒಳಗೆ ಹರಿಯುತ್ತದೆ ಅಂದುಕೊಳ್ಳುತ್ತಾರೆ. ನಡಿಗೆ ಇರುವುದು ಹೊರಮೈ ಮೇಲೆ.

ರಸಾಯನಶಾಸ್ತ್ರ, ಜೀವಶಾಸ್ತ್ರ ಕಲಿಸುವವರು ತರಗತಿಯಲ್ಲಿ 'ಭಂಗಿ' ಬಳಸಿದ್ದೀರಾ? ಮಕ್ಕಳು ಒಪ್ಪಿದರಾ? ಹೊರಡಿಸುವುದು, ನಿಲ್ಲಿಸುವುದು ಎರಡನ್ನೂ ಹೇಳುವ ಒಂದು ಪದ ಹಳೆಗನ್ನಡದಲ್ಲೋ, ಆಡುಮಾತಿನಲ್ಲೋ ಇದ್ದರೆ ಬಳಕೆಯ ವಾಕ್ಯದ ಸಮೇತ ತಿಳಿಸಿ.