ಅತ್ತೆಗೆ ಎಣ್ಣೆ ಕುಡಿಸಬೇಡಿ

(ಗುಂಪು: ನಮ್ಮ ಮನೆ ಮಂದಿ, ರಾಯಚೂರು)

ಮಾನ್ವಿ ಕಾಕಾ: (ಫಾರ್ವರ್ಡ್) ಪಿತ್ತಕೋಶದ ಕಲ್ಲಿಗೆ ಆಪರೇಷನ್ ಬೇಡವೇ ಬೇಡ! ಐದು ದಿನ ಸೇಬಿನ ಜ್ಯೂಸ್ ಕುಡಿಯಿರಿ. ಆರನೇ ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಹಿಂಡಿ ಕುಡಿದು ಮಲಗಿ. ಬೆಳಗ್ಗೆ ಹಸಿರು ಕಲ್ಲುಗಳು ತಾವೇ ಬೀಳುತ್ತವೆ. ಡಾಕ್ಟರುಗಳು ಇದನ್ನು ಹೇಳಲ್ಲ. ಎಲ್ಲರಿಗೂ ಕಳಿಸಿ.

ಮಾನ್ವಿ ಕಾಕಾ: ಅಕ್ಕನಿಗೆ ಇದನ್ನು ಮಾಡಿ ನೋಡೋಣ. ಒಬ್ಬ ಡಾಕ್ಟರ್ ಬಾಯಿಂದ ಪೈಪ್ ಹಾಕಿ ಕಲ್ಲು ತೆಗೀತೀನಿ ಅಂತಾರೆ. ಇನ್ನೊಬ್ಬರು ಆಮೇಲೆ ಆಪರೇಷನ್ ಅಂತಾರೆ. ಕಲ್ಲಿಗೆ ಎರಡೆರಡು ಬಿಲ್ಲಾ?

ಸಿಂಧನೂರು ಚಿಗವ್ವ: ಕಣ್ಣು ಹಳದಿ ಆಗಿದೆ ಅಂದ್ರೆ ಕಾಮಣಿ ಅಲ್ವಾ? ನಮ್ಮ ಕಡೆ ಕಾಮಣಿ ಔಷಧಿ ಕೊಡೋರು ಇದ್ದಾರೆ. ಪಕ್ಕದ ಮನೆ ಹುಡುಗ ಅದರಿಂದಲೇ ಎದ್ದು ಓಡಾಡಿದ.

ನಾನು: ಕಾಕಾ, ಚಿಗವ್ವ, ದಯವಿಟ್ಟು ಎರಡೂ ಬೇಡ. ನಾನು ದಿನಾ ಎಂಡೋಸ್ಕೋಪಿ ರೂಮಿನಲ್ಲಿ, ಅಂದರೆ ಕಾಕಾ ಹೇಳಿದ ಪೈಪ್ ಹಾಕಿ ಹೊಟ್ಟೆಯೊಳಗೆ ನೋಡುವ ಕಡೆ, ನಿಂತು ಕೆಲಸ ಮಾಡುವವಳು. ಕೈಮುಗಿದು ಹೇಳುತ್ತೇನೆ, ಅತ್ತೆಗೆ ಎಣ್ಣೆ ಕುಡಿಸಬೇಡಿ.

ಮಾನ್ವಿ ಕಾಕಾ: ನನ್ನ ಗೆಳೆಯ ಹಸಿರು ಕಲ್ಲು ಬಿದ್ದಿದ್ದನ್ನು ಕಣ್ಣಾರೆ ನೋಡಿದ್ದಾನೆ ಕಣವ್ವಾ. ಅವನು ಸುಳ್ಳು ಹೇಳುವವನಲ್ಲ.

ನಾನು: ಅವರು ನೋಡಿದ್ದು ನಿಜವೇ ಕಾಕಾ. ಆದರೆ ಅದು ಕಲ್ಲಲ್ಲ, ಸಾಬೂನು. ಎಣ್ಣೆ, ನಿಂಬೆರಸ, ಹೊಟ್ಟೆಯೊಳಗಿನ ಜೀರ್ಣರಸ ಎಲ್ಲಾ ಸೇರಿ ಉಂಡೆ ಕಟ್ಟುತ್ತದೆ. 2005ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ಬಂದಿತ್ತು. ಒಬ್ಬ ಮಹಿಳೆ ಹೀಗೆಯೇ ಸೇಬಿನ ಜ್ಯೂಸ್, ಆಲಿವ್ ಎಣ್ಣೆ, ನಿಂಬೆರಸ ಕುಡಿದು, ಬಿದ್ದ ಹಸಿರು ಉಂಡೆಗಳನ್ನು ಡಾಕ್ಟರಿಗೆ ತಂದು ಕೊಟ್ಟರು. ಪರೀಕ್ಷೆ ಮಾಡಿದರೆ ಕೊಲೆಸ್ಟರಾಲ್ ಇಲ್ಲ, ಕ್ಯಾಲ್ಸಿಯಂ ಇಲ್ಲ. 40 ಡಿಗ್ರಿ ಬಿಸಿಗೆ ಹತ್ತು ನಿಮಿಷದಲ್ಲಿ ಕರಗಿ ಎಣ್ಣೆಯಾಯಿತು. ನಮ್ಮೂರಿನ ಮೇ ತಿಂಗಳ ಬಿಸಿಲೇ ಅಷ್ಟಿರುತ್ತದೆ ಅಲ್ವಾ? ಆಕೆಯ ನಿಜವಾದ ಕಲ್ಲುಗಳು ಒಳಗೇ ಇದ್ದವು. ಕೊನೆಗೆ ಆಪರೇಷನ್ ಮಾಡಿಯೇ ತೆಗೆದರು.

ಸಿಂಧನೂರು ಚಿಗವ್ವ: ಮತ್ತೆ ಆ ಹುಡುಗನಿಗೆ ಹೇಗೆ ವಾಸಿಯಾಯಿತು?

ನಾನು: ಚಿಗವ್ವ, ಕೆಟ್ಟ ನೀರಿನಿಂದ ವೈರಸ್ ಬಂದು ಆಗುವ ಕಾಮಣಿ ಹೆಚ್ಚಿನವರಲ್ಲಿ ಕೆಲವು ವಾರಕ್ಕೆ ತಾನೇ ಇಳಿಯುತ್ತದೆ. ಹೆಸರು ಮಾತ್ರ ಔಷಧಿಗೆ ಬರುತ್ತದೆ. ಅತ್ತೆಗೆ ಆಗಿರುವುದು ದಾರಿ ಕಟ್ಟಿಕೊಂಡ ಕಾಮಣಿ. ಪಿತ್ತಕೋಶದಿಂದ ಒಂದು ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿದೆ. ಪಿತ್ತನಾಳವನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನಿನಲ್ಲಿ ಕಂಡಿದ್ದು ಅದೇ. ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಸೇರುತ್ತಿದೆ. ಅದಕ್ಕೇ ಮೂತ್ರ ಕಡು ಬಣ್ಣ, ಮೈಯೆಲ್ಲಾ ತುರಿಕೆ.

ಮಾನ್ವಿ ಕಾಕಾ: ಸರಿ, ಪೈಪ್ ಹಾಕುತ್ತಾರಲ್ಲ, ಅದರಲ್ಲೇ ಎಲ್ಲಾ ಕಲ್ಲೂ ತೆಗೆದುಬಿಡಲಿ. ಆಪರೇಷನ್ ಯಾಕೆ ಮತ್ತೆ?

ನಾನು: ಒಳ್ಳೆ ಪ್ರಶ್ನೆ ಕಾಕಾ. ಪಿತ್ತನಾಳ ಬಂದು ಸಣ್ಣ ಕರುಳಿನ ಶುರುವಿನಲ್ಲಿ ಬಾಯಿ ತೆರೆಯುತ್ತದೆ. ನೀವು ಪೈಪ್ ಅನ್ನುವ ಸ್ಕೋಪ್ ಅಲ್ಲಿಯವರೆಗೆ ಹೋಗುತ್ತದೆ. ಅದರ ಕಣ್ಣು, ಅಂದರೆ ಕ್ಯಾಮೆರಾ, ತುದಿಯ ಪಕ್ಕಕ್ಕಿರುತ್ತದೆ, ನಾಳದ ಬಾಯಿ ನೇರ ಕಾಣಲಿ ಅಂತ. ಎಕ್ಸ್‌ರೇಯಲ್ಲಿ ಕಾಣುವ ಒಂದು ದ್ರವವನ್ನು ನಾಳದೊಳಗೆ ಬಿಟ್ಟು ನೋಡುತ್ತಾರೆ. ನಾಳದ ಬಾಯನ್ನು ಸ್ವಲ್ಪ ಕತ್ತರಿಸಿ ಅಗಲ ಮಾಡುತ್ತಾರೆ. ಸಣ್ಣ ಬಲೂನ್ ಒಳಗೆ ಕಳಿಸಿ, ಉಬ್ಬಿಸಿ, ಹಿಂದಕ್ಕೆ ಎಳೆದರೆ ಕಲ್ಲು ಕರುಳಿಗೆ ಬೀಳುತ್ತದೆ. ಕಟ್ಟಿದ ಪಿತ್ತ ಒಮ್ಮೆಲೇ ಹರಿದು ಬರುವುದನ್ನು ಪರದೆಯ ಮೇಲೆ ನೋಡಬೇಕು ನೀವು. ಇದಕ್ಕೆ ಇಆರ್‌ಸಿಪಿ ಅಂತಾರೆ. ಮಾಡುವವರು ಗ್ಯಾಸ್ಟ್ರೋ ಡಾಕ್ಟರ್, ಅಂದರೆ ಹೊಟ್ಟೆ, ಕರುಳು, ಲಿವರ್ ನೋಡುವವರು. ಎಂಡಿ ಆದ ಮೇಲೆ ಮತ್ತೆ 3 ವರ್ಷ ಡಿಎಂ ಅನ್ನುವ ಕೋರ್ಸ್ ಓದಿರುತ್ತಾರೆ. ಹುಣ್ಣಿನಿಂದ ರಕ್ತ ಸೋರಿದರೆ ಕ್ಲಿಪ್ ಹಾಕಿ ನಿಲ್ಲಿಸುವುದು, ಲಿವರ್ ಕೆಟ್ಟವರು ರಕ್ತ ವಾಂತಿ ಮಾಡಿದರೆ ಅನ್ನನಾಳದ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕುವುದು, ದೊಡ್ಡ ಕರುಳಿನ ಗಂಟು ತೆಗೆಯುವುದು ಎಲ್ಲಾ ಅವರ ಕೆಲಸವೇ.

ನಾನು: ಆದರೆ ಪಿತ್ತಕೋಶಕ್ಕೆ ಹೋಗುವ ಕವಲು ಸಣ್ಣದು, ಸುರುಳಿ ಸುರುಳಿ. ಅಲ್ಲಿರುವ ಕಲ್ಲುಗಳನ್ನು ಈ ದಾರಿಯಲ್ಲಿ ತೆಗೆಯುವುದಿಲ್ಲ. ಹಾಗೇ ಬಿಟ್ಟರೆ ಇನ್ನೊಂದು ಜಾರಬಹುದು. ಅದಕ್ಕೇ ಆಮೇಲೆ ಸರ್ಜನ್ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಪಿತ್ತಕೋಶವನ್ನೇ ತೆಗೆಯುತ್ತಾರೆ. ಎರಡು ಜಾಗ, ಎರಡು ಕೆಲಸ.

ಹೈದರಾಬಾದ್ ಅಣ್ಣ: ಬೇಕಾದರೆ ಅತ್ತೆಯನ್ನು ಇಲ್ಲಿಗೆ ಕರೆತನ್ನಿ. ಎಂಡೋಸ್ಕೋಪಿಯಲ್ಲಿ ಹೆಸರಾದ ಡಾ. ನಾಗೇಶ್ವರ ರೆಡ್ಡಿ ಅವರು ಇಲ್ಲಿಯವರೇ, 2025ರಲ್ಲಿ ಪದ್ಮವಿಭೂಷಣ ಬಂತಲ್ಲ. ಇದರಲ್ಲಿ ಅಪಾಯ ಇಲ್ಲವಾ ತಂಗಿ? ಅದನ್ನೂ ಹೇಳು.

ನಾನು: ಇದೆ ಅಣ್ಣ. ನೂರರಲ್ಲಿ 3ರಿಂದ 10 ಜನರಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಹೆಚ್ಚಿನವರಿಗೆ ಕೆಲವು ದಿನದಲ್ಲಿ ಇಳಿಯುತ್ತದೆ, ಕೆಲವರಿಗೆ ಜೋರಾಗುತ್ತದೆ. ರಕ್ತಸ್ರಾವ ಕಡಿಮೆ, ಆದರೂ ಆಗಬಹುದು. ಇದನ್ನು ಮುಚ್ಚಿಡಬಾರದು. ಆದರೆ ಕಟ್ಟಿದ ನಾಳದಲ್ಲಿ ಕೀವಾದರೆ ಅದು ಜೀವಕ್ಕೇ ಅಪಾಯ.

ಅತ್ತೆ: ನನ್ನ ವಿಷಯ ನನ್ನನ್ನು ಬಿಟ್ಟು ಎಲ್ಲರೂ ಮಾತಾಡ್ತಿದ್ದೀರಿ. ನೋವಾಗುತ್ತದಾ ಮಗಳೇ? ಅಷ್ಟೇ ಹೇಳು.

ನಾನು: ಇಲ್ಲ ಅತ್ತೆ. ಗಂಟಲಿಗೆ ಸ್ಪ್ರೇ ಹೊಡೆಯುತ್ತಾರೆ, ಕಹಿ ಇರುತ್ತದೆ, ನಾಲಿಗೆ ಮರಗಟ್ಟುತ್ತದೆ. ಹಲ್ಲಿನ ಮಧ್ಯೆ ಒಂದು ಪ್ಲಾಸ್ಟಿಕ್ ಬಳೆ ಇಡುತ್ತಾರೆ. ನರಕ್ಕೆ ನಿದ್ದೆಯ ಇಂಜೆಕ್ಷನ್. ಎದ್ದ ಮೇಲೆ ಗಂಟಲು ಸ್ವಲ್ಪ ಕೆರೆಯಬಹುದು.

ಮಾನ್ವಿ ಕಾಕಾ: ಖರ್ಚು ಎಷ್ಟು ಅಂತ ಮೊದಲೇ ಬರೆದು ಕೊಡಲಿ. ಬಾಯಿಮಾತು ನಾನು ಒಪ್ಪಲ್ಲ.

ನಾನು: ಕೇಳಲೇಬೇಕು ಕಾಕಾ. ನಾಳ ತೆರೆದಿರಲಿ ಅಂತ ಇಡುವ ಸಣ್ಣ ಕೊಳವೆ, ಸ್ಟೆಂಟ್, ಹಾಕಿದರೆ ಎಷ್ಟು, ಹಾಕದಿದ್ದರೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಸ್ಟೆಂಟ್ ಹಾಕಿದರೆ ಯಾವ ದಿನ ತೆಗೆಸಬೇಕು ಅಂತಲೂ ಬರೆಸಿ. ಮರೆತು ಬಿಟ್ಟು ಅದು ಕಟ್ಟಿಕೊಂಡು ಜ್ವರ ತಂದುಕೊಂಡು ಬರುವವರನ್ನು ನೋಡಿ ನನಗೆ ಸಂಕಟವಾಗುತ್ತದೆ.

ಮಾನ್ವಿ ಕಾಕಾ: ಗುರುವಾರ ಗಾಡಿ ನಾನೇ ತರ್ತೀನಿ. ಹೊಟ್ಟೆ ಖಾಲಿ ಇರಬೇಕಲ್ಲ?

ನಾನು: ಎಂಟು ಗಂಟೆ ಮೊದಲೇ ಊಟ ಮುಗಿಯಬೇಕು. ಅತ್ತೆ ನುಂಗುವ ಎಲ್ಲಾ ಮಾತ್ರೆಗಳ ಚೀಟಿ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ನೀವಾಗಿಯೇ ನಿಲ್ಲಿಸಬೇಡಿ. ಗುರುವಾರಕ್ಕೆ ಮೊದಲು ಚಳಿ ನಡುಕ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ ಕರೆದುಕೊಂಡು ಬನ್ನಿ.